ಹನ್ನೆರಡು ಸೆಂಟಿಮೀಟರ್ ವ್ಯಾಗನ್ನಿಗೆ ಕಲ್ಲಿದ್ದಲು ತುಂಬುವುದು

(ಮಾಡೆಲ್ ರೈಲಿನ ಹುಚ್ಚಿರುವ ಒಂದಷ್ಟು ಜನ ಭಾನುವಾರ ಸೇರಿದ್ದ ಕೂಟದಲ್ಲಿ ಆಡಿದ ಮಾತು ಇದು. ಅವತ್ತು ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಲ್ಲಿ ಹೇಳಬೇಕಲ್ಲ, ಆ ಕಡೆಗಳಲ್ಲಿ ಮಾತ್ರ ಸ್ವಲ್ಪ ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಎರಡು ವ್ಯಾಗನ್‌ಗಳನ್ನು ಕೈಯಿಂದ ಕೈಗೆ ದಾಟಿಸಿ. ಎರಡೂ ಒಂದೇ ಅಚ್ಚಿನವು. ಎರಡರಲ್ಲೂ ಕಲ್ಲಿದ್ದಲು ಇದೆ. ಒಂದು ನಾನು ಈ ಹವ್ಯಾಸಕ್ಕೆ ಬಿದ್ದ ಹೊಸದರಲ್ಲಿ ಮಾಡಿದ್ದು, ಇನ್ನೊಂದು ಹೋದ ವರ್ಷದ್ದು. ಯಾವುದು ಹಳೆಯದು ಅಂತ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಹಳೆಯದು ಕರಿ ಎಳ್ಳಿನ ಚಿಕ್ಕಿ ಥರ ಇದೆ. ಕಪ್ಪಗೆ, ಮಿರಮಿರ ಮಿಂಚುತ್ತಾ, ಅಂಚಿನಿಂದ ಅಂಚಿಗೆ ಸಪಾಟಾಗಿ. ಆಗ ಅದನ್ನು ಎಲ್ಲರಿಗೂ ಹೆಮ್ಮೆಯಿಂದ ತೋರಿಸುತ್ತಿದ್ದೆ. ನಮ್ಮ ಮನೆಗೆ ಬಂದ ಒಂದು ಮಗು ಅದನ್ನು ಬಾಯಿಗೆ ಹಾಕಿಕೊಳ್ಳಲು ಹೋಗಿತ್ತು. ಆ ಮಗುವಿನದು ಸರಿಯಾದ ವಿಮರ್ಶೆ ಅಂತ ಈಗ ಅನ್ನಿಸುತ್ತದೆ.

ಕಲ್ಲಿದ್ದಲಿನ ಲೋಡು ಮಾಡುವುದು ಅಂದರೆ ಕಪ್ಪು ಪುಡಿಗೆ ಅಂಟು ಹಾಕುವುದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ನಾನು ಇವತ್ತು ಬೇರೆ ಥರ ಶುರು ಮಾಡುತ್ತೇನೆ. ವ್ಯಾಗನ್ ಮುಂದೆ ಇಟ್ಟುಕೊಂಡು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಕಲ್ಲಿದ್ದಲು ಎಲ್ಲಿಂದ ಬಂತು? ಇದನ್ನು ಹೇಗೆ ಹೇರಿದರು? ಎಲ್ಲಿ, ಹೇಗೆ ಇಳಿಸುತ್ತಾರೆ? ಈ ಮೂರಕ್ಕೂ ಉತ್ತರ ಗೊತ್ತಾದರೆ ಲೋಡಿನ ಆಕಾರ, ಬಣ್ಣ, ಕಾಳಿನ ಗಾತ್ರ ಎಲ್ಲ ತಾನಾಗಿ ಗೊತ್ತಾಗುತ್ತದೆ. ಅಷ್ಟೇ ಅಲ್ಲ, ಹಳಿಯ ಪಕ್ಕದ ನೆಲ ಯಾವ ಬಣ್ಣ ಇರಬೇಕು ಅನ್ನೋದೂ ಗೊತ್ತಾಗುತ್ತದೆ.

ನನ್ನ ಲೇಔಟ್, ಅಂದರೆ ಹಳಿ, ನೆಲ, ಕಟ್ಟಡ ಎಲ್ಲ ಸೇರಿಸಿ ಮನೆಯಲ್ಲಿ ಕಟ್ಟಿದ ಪುಟ್ಟ ರೈಲು ಲೋಕ, ಅದರ ಕಥೆ ರಾಯಚೂರಿನ ಪಕ್ಕದ್ದು. ಶಕ್ತಿನಗರ. ವಾಡಿ ಕಡೆಯಿಂದ ರೈಲಿನಲ್ಲಿ ಬಂದವರಿಗೆ ಗೊತ್ತಿರುತ್ತದೆ, ಕೃಷ್ಣಾ ನದಿ ದಾಟುವ ಹೊತ್ತಿಗೆ ಚಿಮಣಿಗಳು ಕಾಣುತ್ತವೆ. ಕರ್ನಾಟಕದ ಮೊದಲ ದೊಡ್ಡ ಶಾಖೋತ್ಪನ್ನ ಕೇಂದ್ರ ಅದು. ಮೊದಲ ಘಟಕ 1985ರಲ್ಲಿ ಶುರುವಾಯಿತು. ಈಗ ಎಂಟು ಘಟಕ, ಒಟ್ಟು 1720 ಮೆಗಾವ್ಯಾಟ್. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಹಾಗಾಗಿ ಅಲ್ಲಿ ಉರಿಯುವ ಪ್ರತಿ ತುಂಡೂ ಹೊರಗಿನಿಂದಲೇ ಬರಬೇಕು. ತೆಲಂಗಾಣದ ಸಿಂಗರೇಣಿಯಿಂದ ಬರುತ್ತದೆ, ಒಡಿಶಾ, ಮಹಾರಾಷ್ಟ್ರದ ಗಣಿಗಳಿಂದಲೂ ಬರುತ್ತದೆ. ಎಲ್ಲ ಘಟಕಗಳೂ ಪೂರ್ತಿ ಓಡಿದರೆ ದಿನಕ್ಕೆ ಸುಮಾರು ಎಂಟು ರೇಕ್, ಅಂದರೆ ಎಂಟು ಇಡೀ ಗೂಡ್ಸ್ ರೈಲು ಬೇಕು. ಘಟಕಕ್ಕೊಂದು ರೇಕ್ ಅಂತ ಲೆಕ್ಕ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಪೇಪರ್ ತೆರೆದರೆ "ಇನ್ನು ಎಷ್ಟು ದಿನಕ್ಕಾಗುವಷ್ಟು ಕಲ್ಲಿದ್ದಲು ಇದೆ" ಅನ್ನೋ ಸುದ್ದಿ ಇರುತ್ತದಲ್ಲ, ಅದು ಈ ರೇಕ್‌ಗಳದೇ ಲೆಕ್ಕ.

ರೇಕ್ ಅಂದರೆ 58 ವ್ಯಾಗನ್. ವ್ಯಾಗನ್ನಿನ ಜಾತಿ ಬಾಕ್ಸ್‌ಎನ್. ಎತ್ತರದ ಗೋಡೆ, ತೆರೆದ ತಲೆ, ಏರ್ ಬ್ರೇಕ್. ವ್ಯಾಗನ್ ಜೋಡಿಸುವ ಕೊಂಡಿ ಇದೆಯಲ್ಲ, ಕಪ್ಲರ್, ಆ ಕಪ್ಲರಿನಿಂದ ಕಪ್ಲರಿಗೆ 10.713 ಮೀಟರ್. ನಾನು ಮಾಡುವುದು ಎಚ್‌ಓ ಅಳತೆಯಲ್ಲಿ, ಅಂದರೆ ಅಸಲಿನ 87ನೇ ಒಂದು ಭಾಗ. ಆ ಲೆಕ್ಕಕ್ಕೆ ಒಂದು ವ್ಯಾಗನ್ 123 ಮಿಲಿಮೀಟರ್. ಇಡೀ ರೇಕ್ ಮಾಡಿದರೆ ಎಂಜಿನ್ ಬಿಟ್ಟೇ ಏಳು ಮೀಟರ್ ದಾಟುತ್ತದೆ. ನನ್ನ ಕೋಣೆಯ ಉದ್ದದ ಗೋಡೆ ಹನ್ನೆರಡು ಅಡಿ. ಹಾಗಾಗಿ ನನ್ನ ರೇಕ್ ಹದಿನಾಲ್ಕು ವ್ಯಾಗನ್‌ದು. ಮುಂದೆ ಎರಡು ಡೀಸೆಲ್ ಎಂಜಿನ್, ಗುತ್ತಿ ಶೆಡ್ಡಿನವು ಅಂತ ಬರೆದಿದ್ದೇನೆ. ತೊಂಬತ್ತರ ದಶಕ ಅಂದುಕೊಳ್ಳಿ, ಮೇಲೆ ವಿದ್ಯುತ್ ತಂತಿ ಇಲ್ಲ. ತಂತಿ ಎಳೆಯುವ ತಾಳ್ಮೆ ನನಗಿಲ್ಲ ಅನ್ನೋದು ನಿಜವಾದ ಕಾರಣ.

ಇನ್ನೊಂದು ತಪ್ಪೊಪ್ಪಿಗೆಯನ್ನೂ ಮೊದಲೇ ಮಾಡಿಬಿಡುತ್ತೇನೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19 ಮಿಲಿಮೀಟರ್ ಮೇಲೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿ 16.5. ನಾವೆಲ್ಲ ಆ ಹಳಿಯ ಮೇಲೇ ಓಡಿಸುತ್ತೇವೆ, ಪಕ್ಕದಿಂದ ನೋಡಿದರೆ ಗೊತ್ತಾಗಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಅಮೆರಿಕದಲ್ಲಿ ಆಲನ್ ಮೆಕ್ಲೆಲಂಡ್ ಅಂತ ಒಬ್ಬರು ಅಪಲೇಷಿಯನ್ ಬೆಟ್ಟಗಳ ಕಲ್ಲಿದ್ದಲು ರೈಲನ್ನು ಎಚ್‌ಓದಲ್ಲಿ ಕಟ್ಟಿ ಹೆಸರು ಮಾಡಿದರು. ಎಲ್ಲ ಕಡೆ ಒಂದೇ ಮಟ್ಟ ಇರಲಿ, ಸಾಕಷ್ಟು ಚೆನ್ನಾಗಿದ್ದರೆ ಸಾಕು ಅನ್ನೋದು ಅವರ ದಾರಿ. ನನ್ನ ಹಳಿಯ ವಿಷಯಕ್ಕೆ ಬಂದಾಗಲೆಲ್ಲ ನನಗೆ ಅವರು ನೆನಪಾಗುತ್ತಾರೆ. ಅನುಕೂಲಕ್ಕೆ.

ಈಗ ಕಾಳಿನ ಗಾತ್ರ. ತಪ್ಪು ಜಾಸ್ತಿ ಆಗುವುದು ಇಲ್ಲೇ. ನನ್ನ ಮೊಟ್ಟಮೊದಲ ಲೋಡಿಗೆ ಮೀನಿನ ತೊಟ್ಟಿಗೆ ಹಾಕುವ ಕಪ್ಪು ಕಲ್ಲು ಬಳಸಿದ್ದೆ. ಒಂದೊಂದೂ ನಾಲ್ಕು ಮಿಲಿಮೀಟರ್. 87ರಿಂದ ಗುಣಿಸಿ ನೋಡಿ, ಮೂವತ್ತೈದು ಸೆಂಟಿಮೀಟರ್. ವ್ಯಾಗನ್ ತುಂಬಾ ರುಬ್ಬುಗುಂಡುಗಳನ್ನು ಹೇರಿದ ಹಾಗಿತ್ತು.

ವಿದ್ಯುತ್ ಕೇಂದ್ರಕ್ಕೆ ಹೋಗುವ ಕಲ್ಲಿದ್ದಲಿನಲ್ಲಿ ಜಾಸ್ತಿ ಇರುವುದು ಪುಡಿ ಮತ್ತು ಸಣ್ಣ ತುಂಡು. ಹತ್ತು ಸೆಂಟಿಮೀಟರ್ ತುಂಡು ಎಚ್‌ಓದಲ್ಲಿ 1.15 ಮಿಲಿಮೀಟರ್ ಆಗುತ್ತದೆ. ಅಲ್ಲೊಂದು ಇಲ್ಲೊಂದು ಇಪ್ಪತ್ತು ಸೆಂಟಿಮೀಟರ್ ಉಂಡೆ ಬಂದರೂ 2.3 ಮಿಲಿಮೀಟರ್. ಹೋಲಿಕೆಗೆ ಅಡುಗೆಮನೆಗೆ ಬನ್ನಿ. ಚಿರೋಟಿ ರವೆ ಪುಡಿಯ ಅಳತೆ. ಉಪ್ಪಿಟ್ಟಿನ ರವೆ ಮಾಮೂಲಿ ತುಂಡಿನ ಅಳತೆ. ಇಡ್ಲಿ ರವೆ ದೊಡ್ಡ ತುಂಡಿನ ಅಳತೆ. ಸಾಸಿವೆ ಕಾಳಿನಷ್ಟು ದೊಡ್ಡದು ಒಂದು ವ್ಯಾಗನ್ನಿಗೆ ಐದೋ ಆರೋ ಇದ್ದರೆ ಸಾಕು. ಈ ಅಳತೆ ಗಟ್ಟಿಯಾಗಿ ತಲೆಯಲ್ಲಿ ಕೂರಬೇಕು. ಸಾಸಿವೆಯನ್ನೇ ಬಳಸಬಹುದಾ ಅಂತ ಒಬ್ಬರು ಕೇಳಿದ್ದರು. ಬೇಡ. ಕಲ್ಲಿದ್ದಲು ಒಡೆದರೆ ಮೂಲೆ ಮೂಲೆಯಾಗಿ ಒಡೆಯುತ್ತದೆ, ಸಾಸಿವೆ ಗುಂಡಗಿರುತ್ತದೆ. ಮೇಲಾಗಿ ಇಲಿ ಬರುತ್ತದೆ.

ಉಗಿ ಬಂಡಿಯ ಎಂಜಿನ್ ಹಿಂದೆ ಅದರ ಕಲ್ಲಿದ್ದಲು ಹೊರುವ ಟೆಂಡರ್ ತುಂಬುತ್ತೀರಾದರೆ ಮಾತು ಬೇರೆ. ಅದಕ್ಕೆ ಆಯ್ದ ತುಂಡು ಕಲ್ಲಿದ್ದಲು ಬೇಕಿತ್ತು. ಅಲ್ಲಿ ಎರಡು ಮಿಲಿಮೀಟರ್ ಕಾಳು ಜಾಸ್ತಿ ಇದ್ದರೂ ನಡೆಯುತ್ತದೆ. ಅಮೆರಿಕದ ಹಳೆಯ ಗಣಿಗಳಲ್ಲಂತೂ ಕಲ್ಲಿದ್ದಲನ್ನು ಜರಡಿ ಹಿಡಿದು ಗಾತ್ರದ ಪ್ರಕಾರ ಬೇರೆ ಬೇರೆ ಹಳಿಯ ಮೇಲಿನ ವ್ಯಾಗನ್‌ಗಳಿಗೆ ಸುರಿಯುತ್ತಿದ್ದರು. ಉಂಡೆ, ಮೊಟ್ಟೆ, ಕಾಯಿ, ನುಚ್ಚು ಅನ್ನುವಂಥ ಹೆಸರುಗಳು. ಆ ಕಾಲದ ಲೇಔಟ್ ಮಾಡುವವರು ಒಂದೇ ರೈಲಿನಲ್ಲಿ ಮೂರು ಥರದ ಕಾಳು ತೋರಿಸಬಹುದು. ನಮ್ಮ ಬಾಕ್ಸ್‌ಎನ್ ರೇಕಿಗೆ ಆ ಭಾಗ್ಯ ಇಲ್ಲ, ಒಂದೇ ಕೇಂದ್ರಕ್ಕೆ ಒಂದೇ ಸರಕು.

ಯಾವ ವಸ್ತು ಬಳಸಬೇಕು? ನನ್ನ ಉತ್ತರ, ಅಸಲಿ ಕಲ್ಲಿದ್ದಲು. ಇಸ್ತ್ರಿ ಅಂಗಡಿಯ ಇದ್ದಿಲು ಬೇಡ. ನಾನು ಅದನ್ನೂ ಮಾಡಿ ನೋಡಿದ್ದೇನೆ. ಇದ್ದಿಲು ಹಗುರ. ನೀರು ಬಿಟ್ಟ ಕೂಡಲೇ ತೇಲುತ್ತದೆ. ಮುಟ್ಟಿದರೆ ಕೈಗೆ ಮಸಿ. ಒಳಗೆ ಮರದ ಎಳೆ ಕಾಣುತ್ತದೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಇದ್ದಿಲು, ಇದ್ದಲು ಅಂತ ಒಂದೇ ಬೇರಿನ ಹೆಸರಿದ್ದರೂ ಒಂದರ ಮುಂದೆ 'ಕಲ್' ಅಂತ ಸುಮ್ನೆ ಸೇರಿಸಿಲ್ಲ. ಕಲ್ಲಿದ್ದಲು ಕಲ್ಲಿನ ಹಾಗೇ ಒಡೆಯುತ್ತದೆ, ಪದರ ಪದರವಾಗಿ. ಕೆಲವು ಪದರ ಗಾಜಿನಂತೆ ಮಿಂಚುತ್ತದೆ, ಪಕ್ಕದ ಪದರ ಮಂಕು. ಈ ಬೆರಕೆಯನ್ನು ಬಣ್ಣದಲ್ಲಿ ತರುವುದು ತುಂಬಾ ಕಷ್ಟ.

ಊರಲ್ಲಿ ಕುಲುಮೆ ಇದ್ದರೆ ಹೋಗಿ ಒಂದು ಕೆಜಿ ಕೇಳಿ. ಕೊಡುತ್ತಾರೆ, "ಯಾಕೆ ಬೇಕು" ಅಂತಲೂ ಕೇಳುತ್ತಾರೆ. ಉತ್ತರ ಹೇಳಿದರೆ ನಗುತ್ತಾರೆ. ಒಂದು ಕೆಜಿ ಹತ್ತು ವ್ಯಾಗನ್ನಿಗೆ ಧಾರಾಳ ಆಗುತ್ತದೆ. ದಪ್ಪ ಗೋಣಿಚೀಲದೊಳಗೆ ಹಾಕಿ, ಹೊರಗೆ ಅಂಗಳದಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಸುತ್ತಿಗೆಯಿಂದ ಕುಟ್ಟಿ. ಮಿಕ್ಸಿಗೆ ಹಾಕಬೇಡಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ನನ್ನ ಹೆಂಡತಿಯನ್ನು ಕೇಳಬೇಡಿ.

ಆಮೇಲೆ ಜರಡಿ. ರವೆ ಜರಡಿಯಲ್ಲಿ ಇಳಿದದ್ದನ್ನು ಹಿಟ್ಟಿನ ಜರಡಿಗೆ ಹಾಕಿ. ಹಿಟ್ಟಿನ ಜರಡಿಯ ಮೇಲೆ ಉಳಿದದ್ದು ಲೋಡಿನ ಮುಖ್ಯ ಸರಕು. ಕೆಳಗೆ ಇಳಿದ ಪುಡಿಯನ್ನು ಬಿಸಾಡಬೇಡಿ. ನೆಲಕ್ಕೂ ಖಾಲಿ ವ್ಯಾಗನ್ನಿಗೂ ಅದು ಬೇಕೇ ಬೇಕು. ರವೆ ಜರಡಿಯ ಮೇಲೆ ಉಳಿದ ದಪ್ಪ ತುಂಡುಗಳನ್ನು ಒಂದು ಸಣ್ಣ ಡಬ್ಬಿಯಲ್ಲಿ ಬೇರೆ ಇಡಿ. ಈ ಜರಡಿಗಳು ಮತ್ತೆ ಅಡುಗೆಮನೆಗೆ ವಾಪಸ್ ಹೋಗಬಾರದು. ಹೊಸದು ಕೊಂಡುಕೊಳ್ಳಿ.

ವುಡ್‌ಲ್ಯಾಂಡ್ ಸೀನಿಕ್ಸ್ ಥರದ ಕಂಪನಿಗಳು ಡಬ್ಬಿಯಲ್ಲಿ ಸಿದ್ಧ ಕಲ್ಲಿದ್ದಲು ಮಾರುತ್ತವೆ. ಚೆನ್ನಾಗೇ ಇರುತ್ತದೆ. ತರಿಸುವ ಖರ್ಚು ನೋಡಿದರೆ ಗಣಿಯನ್ನೇ ಕೊಂಡ ಹಾಗೆ ಅನ್ನಿಸುತ್ತದೆ, ಅಷ್ಟೇ.

ಬಣ್ಣದ ವಿಷಯ. ಒಣಗಿದ ಕಲ್ಲಿದ್ದಲು ನಾವು ಅಂದುಕೊಂಡಷ್ಟು ಕಪ್ಪಲ್ಲ. ಮಳೆಯಲ್ಲಿ ನೆನೆದಾಗ ಕಪ್ಪು. ಬಿಸಿಲಲ್ಲಿ ಮೂರು ದಿನ ಪ್ರಯಾಣ ಮಾಡಿ ಬಂದ ರೇಕ್ ಬೂದು. ಅದರಲ್ಲೂ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಜಾಸ್ತಿ, ಶೇಕಡ 30ರಿಂದ 45ರವರೆಗೂ ಇರುತ್ತದೆ. ಬೂದಿಯ ಅಂಶ ಅಂದರೆ ಏನು? ಉರಿಯದ ಕಲ್ಲು, ಜೇಡಿಮಣ್ಣು. ಅದು ಲೋಡಿನಲ್ಲಿ ಕಣ್ಣಿಗೇ ಕಾಣುತ್ತದೆ. ಕಪ್ಪು ತುಂಡುಗಳ ನಡುವೆ ಬೂದು ಕಲ್ಲು, ಕಂದು ಛಾಯೆಯ ಚಕ್ಕೆ. ಅಮೆರಿಕದ ಮಾಡೆಲ್‌ಗಳ ಫೋಟೋ ನೋಡಿಕೊಂಡು ಮಾಡಿದರೆ ಈ ಬೂದು ತಪ್ಪಿಹೋಗುತ್ತದೆ. ಪೂರ್ತಿ ಕಪ್ಪು ಲೋಡಿಗೂ ಇದಕ್ಕೂ ಇರುವ ಅಂತರ ಎಷ್ಟು ದೊಡ್ಡದು ಅಂತ ಆ ಎರಡು ವ್ಯಾಗನ್‌ಗಳನ್ನು ಅಕ್ಕಪಕ್ಕ ಹಿಡಿದವರಿಗೆ ಈಗಾಗಲೇ ಗೊತ್ತಾಗಿರುತ್ತದೆ.

ನಾನು ಮಾಡುವುದು ಇಷ್ಟು. ಹತ್ತು ಚಮಚ ಕಲ್ಲಿದ್ದಲಿಗೆ ಅರ್ಧ ಚಮಚ ಜಲ್ಲಿಕಲ್ಲಿನ ಸಣ್ಣ ನುಚ್ಚು ಬೆರೆಸುತ್ತೇನೆ. ಲೋಡು ಒಣಗಿದ ಮೇಲೆ ವಿಭೂತಿ ಗಟ್ಟಿಯನ್ನು ಉಪ್ಪುಕಾಗದದ ಮೇಲೆ ಉಜ್ಜಿ, ಬಂದ ಪುಡಿಯನ್ನು ಮೆತ್ತನೆಯ ಬ್ರಷ್‌ನಲ್ಲಿ ಮೇಲಿಂದ ಮೇಲೆ ತಟ್ಟುತ್ತೇನೆ. ತುಂಬಾ ಸ್ವಲ್ಪ. ಆಮೇಲೆ ಊದಿಬಿಡುತ್ತೇನೆ. ವಿಭೂತಿಯಷ್ಟು ನಯವಾದ ಬೂದು ಪುಡಿ ಯಾವ ಹವ್ಯಾಸದ ಅಂಗಡಿಯಲ್ಲೂ ಸಿಕ್ಕಿಲ್ಲ. ವ್ಯಾಗನ್ನಿನ ತುಕ್ಕಿಗೆ ಕೆಮ್ಮಣ್ಣು. ರಂಗೋಲಿಯ ಅಂಚಿಗೆ ಬಳಿಯುತ್ತೇವಲ್ಲ, ಅದೇ. ಗ್ರಂದಿಗೆ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಕೊಂಡದ್ದು ಜೀವನಪೂರ್ತಿ ಬರುತ್ತದೆ.

ಇನ್ನು ಹೇರುವುದು. ನನಗೆ ತುಂಬಾ ಇಷ್ಟವಾದ ಭಾಗ. ಒಂದು ಚಿಕ್ಕ ಲೆಕ್ಕ ಹೇಳುತ್ತೇನೆ. ಉದ್ದವನ್ನು 87ರಿಂದ ಭಾಗಿಸುತ್ತೇವೆ. ಆದರೆ ಘನ ಅಳತೆಯನ್ನು, ಅಂದರೆ ಒಳಗೆ ಎಷ್ಟು ಹಿಡಿಸುತ್ತದೆ ಅನ್ನೋದನ್ನು, 87 ಸಲ 87 ಸಲ 87ರಿಂದ ಭಾಗಿಸಬೇಕು. ಅಂದರೆ ಸುಮಾರು ಆರೂವರೆ ಲಕ್ಷದಿಂದ. ಬಾಕ್ಸ್‌ಎನ್ ವ್ಯಾಗನ್ನಿನ ಒಳಗಿನ ಜಾಗ ಸುಮಾರು 56 ಘನ ಮೀಟರ್. ಎಚ್‌ಓದಲ್ಲಿ ಅದು 85 ಮಿಲಿಲೀಟರ್, ಒಂದು ಸಣ್ಣ ಲೋಟ ಕಾಫಿಯಷ್ಟು. ಒಂದು ಟೀ ಚಮಚ ಅಂದರೆ ಐದು ಮಿಲಿಲೀಟರ್. ಅದನ್ನು ದೊಡ್ಡದು ಮಾಡಿದರೆ 3.3 ಘನ ಮೀಟರ್ ಬರುತ್ತದೆ. ಅದು ಲೋಡರ್ ಯಂತ್ರದ ಒಂದು ಬಕೆಟ್ಟಿನ ಅಳತೆ! ಈ ಲೆಕ್ಕ ಸಿಕ್ಕಿದ ದಿನ ನಾನು ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಯಾರಿಗೂ ಏನೂ ಅನ್ನಿಸಲಿಲ್ಲ. ನಿಮಗಾದರೂ ಅನ್ನಿಸಬೇಕು. ಯಾಕೆಂದರೆ ಲೋಡರ್ ಹೇರಿದ ರೇಕ್ ಮಾಡಬೇಕಾದರೆ ನಿಮ್ಮ ಕೈಯಲ್ಲಿರುವ ಟೀ ಚಮಚವೇ ಲೋಡರ್. ಪಕ್ಕದಿಂದ ತಂದು, ಒಂದು ಕಡೆಯಿಂದಲೇ, ಒಂದೊಂದೇ ಚಮಚ ಸುರಿಯುತ್ತಾ ಹೋಗಿ. ಬರುವ ಗುಡ್ಡೆಗಳು ಅಸಲಿ ಗುಡ್ಡೆಗಳ ಹಾಗೇ ಇರುತ್ತವೆ. ಎತ್ತರ ತಗ್ಗು, ಒಂದು ಬದಿಗೆ ಸ್ವಲ್ಪ ಜಾಸ್ತಿ.

ಸೈಲೋ, ಅಂದರೆ ಕಲ್ಲಿದ್ದಲು ತುಂಬಿಟ್ಟ ಎತ್ತರದ ಗೋಪುರ, ಅದರ ಕೆಳಗೆ ತುಂಬಿದ ರೇಕ್ ಬೇರೆ ಥರ ಕಾಣುತ್ತದೆ. ಅಲ್ಲಿ ರೈಲು ನಿಧಾನವಾಗಿ ಮುಂದೆ ಹೋಗುತ್ತಲೇ ಇರುತ್ತದೆ, ಮೇಲಿಂದ ಕಲ್ಲಿದ್ದಲು ಬೀಳುತ್ತಲೇ ಇರುತ್ತದೆ. ಉದ್ದಕ್ಕೂ ಒಂದೇ ದಿಣ್ಣೆ. ಅದನ್ನು ಮಾಡಲು ದಪ್ಪ ಕಾಗದದ ಕೊಳವೆ ಮಾಡಿ ಹಿಡಿದುಕೊಂಡು, ಇನ್ನೊಬ್ಬರಿಗೆ ವ್ಯಾಗನ್ ಎಳೆಯಲು ಹೇಳಿ. ಅಮೆರಿಕದ ಪೌಡರ್ ರಿವರ್ ಪ್ರದೇಶದಲ್ಲಿ ಈ ದಿಣ್ಣೆಯ ಆಕಾರವೇ ದೊಡ್ಡ ವಿಷಯವಾಯಿತು. ವ್ಯಾಗನ್‌ಗಳಿಂದ ಹಾರಿದ ಪುಡಿ ಹಳಿಯ ಜಲ್ಲಿಯೊಳಗೆ ತುಂಬಿ, ಮಳೆ ನೀರು ಇಂಗದೆ, 2005ರಲ್ಲಿ ರೈಲುಗಳು ಹಳಿ ತಪ್ಪಿದವು. ಆಮೇಲೆ ಲೋಡನ್ನು ಬ್ರೆಡ್ಡಿನ ತಲೆಯ ಹಾಗೆ ಗುಂಡಗೆ ಸವರಬೇಕು ಅಂತ ರೈಲ್ವೆ ಕಂಪನಿ ನಿಯಮ ಮಾಡಿತು. ಹಾಗಾಗಿ ಆ ಪ್ರದೇಶದ ರೈಲು ಮಾಡುವವರು ವರ್ಷ ಯಾವುದು ಅಂತ ಮೊದಲು ನಿರ್ಧರಿಸಿಕೊಂಡು ಲೋಡಿಗೆ ಕೈ ಹಾಕಬೇಕು.

ಸುರಿಯುವಾಗ ಒಂದು ವಿಷಯ ಗಮನಿಸಿ. ದಪ್ಪ ತುಂಡುಗಳು ಗುಡ್ಡೆಯ ತುದಿಯಲ್ಲಿ ನಿಲ್ಲುವುದಿಲ್ಲ. ಉರುಳಿ ಬುಡಕ್ಕೆ ಬರುತ್ತವೆ. ಪುಡಿ ಮೇಲೇ ಉಳಿಯುತ್ತದೆ. ಅಕ್ಕಿ ರಾಶಿ ಹಾಕುವಾಗ ನೋಡಿರುತ್ತೀರಿ, ಕಲ್ಲು ಮಣ್ಣಿನ ಉಂಡೆ ಎಲ್ಲ ಅಂಚಿಗೆ ಬರುತ್ತವೆ. ಹಾಗಾಗಿ ದಪ್ಪ ತುಂಡುಗಳನ್ನು ತುದಿಯಲ್ಲಿ ಚೆಂದಕ್ಕೆ ಅಂಟಿಸಬೇಡಿ. ಎರಡು ಗುಡ್ಡೆಗಳ ನಡುವಿನ ತಗ್ಗಿನಲ್ಲಿ, ಗೋಡೆಯ ಅಂಚಿನಲ್ಲಿ ಇಡಿ. ಇನ್ನೊಂದು, ಗುಡ್ಡೆ ತುಂಬಾ ಚೂಪಾಗಿದ್ದರೆ ವ್ಯಾಗನ್ನನ್ನು ಮೇಜಿನ ಮೇಲೆ ನಾಲ್ಕು ಸಲ ಮೆಲ್ಲಗೆ ಕುಟ್ಟಿ. ನೂರಾರು ಕಿಲೋಮೀಟರ್ ಓಡಿದ ರೇಕಿನ ಲೋಡು ಕುಸಿದು ಕೂತಿರುತ್ತದೆ. ಗಣಿಯಿಂದ ಆಗ ತಾನೇ ಹೊರಟದ್ದಕ್ಕೂ ಶಕ್ತಿನಗರಕ್ಕೆ ಬಂದದ್ದಕ್ಕೂ ಅಷ್ಟು ವ್ಯತ್ಯಾಸ ಇರಲಿ.

ಎಷ್ಟು ಎತ್ತರ ಹೇರಬೇಕು ಅನ್ನೋದಕ್ಕೂ ಲೆಕ್ಕ ಇದೆ. ಮೊದಲಿಗೆ ಬಾಕ್ಸ್‌ಎನ್‌ಗೆ ಸುಮಾರು 58 ಟನ್ ಮಿತಿ ಇತ್ತು. ಮುಂದೆ ಜಾಸ್ತಿ ಹೇರಲು ಅನುಮತಿ ಕೊಟ್ಟರು. 56 ಘನ ಮೀಟರಿಗೆ 58 ಟನ್ ಕಲ್ಲಿದ್ದಲು ಅಂದರೆ ವ್ಯಾಗನ್ ಬಾಯಿತನಕ ತುಂಬಿ, ನಡುವೆ ಸ್ವಲ್ಪ ಉಬ್ಬಿರುತ್ತದೆ. ಗೋಡೆಯ ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ತಗ್ಗು, ನಡುವೆ ಮೂರು ನಾಲ್ಕು ಮಿಲಿಮೀಟರ್ ಉಬ್ಬು. ಅಷ್ಟೇ. ಇದೇ ವ್ಯಾಗನ್ನಿಗೆ ಬಳ್ಳಾರಿ ಹೊಸಪೇಟೆಯ ಕಬ್ಬಿಣದ ಅದಿರು ಹೇರುತ್ತೀರಾ? ಆಗ ಅರ್ಧವೂ ತುಂಬಬಾರದು. ಅದಿರು ಅಷ್ಟು ಭಾರ. ಕೆಂಪು ಅದಿರನ್ನು ಬಾಯಿತನಕ ತುಂಬಿದ ಮಾಡೆಲ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಸಲಿ ವ್ಯಾಗನ್ ಆಗಿದ್ದರೆ ಅಲ್ಲೇ ಅಡಿ ಕಳಚಿ ಬೀಳುತ್ತಿತ್ತು.

ಮಾಡುವ ಕ್ರಮ ಬೇಗ ಹೇಳಿ ಮುಗಿಸುತ್ತೇನೆ. ಇಡೀ ವ್ಯಾಗನ್ ತುಂಬಿ ಅಂಟಿಸಿದರೆ ಅದು ಯಾವತ್ತೂ ಖಾಲಿ ಆಗಲ್ಲ. ಅದಕ್ಕೇ ಎತ್ತಿ ತೆಗೆಯುವ ಲೋಡು ಮಾಡಬೇಕು. ಒಳಗಿನ ಅಳತೆ ಸುಮಾರು 112 ಮಿಲಿಮೀಟರ್ ಉದ್ದ, 34 ಮಿಲಿಮೀಟರ್ ಅಗಲ. ಥರ್ಮಕೋಲನ್ನು ಅದಕ್ಕಿಂತ ಅರ್ಧ ಮಿಲಿಮೀಟರ್ ಕಡಿಮೆ ಕತ್ತರಿಸಿ. ರಟ್ಟು ಬೇಡ, ನೀರು ಕುಡಿದು ಸೊಟ್ಟಗಾಗಿ ವ್ಯಾಗನ್ನಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಗುಡ್ಡೆಗಳ ಆಕಾರಕ್ಕೆ ಮೇಲ್ಭಾಗ ಕೆತ್ತಿ. ನೀರಿನ ಬಣ್ಣದಲ್ಲಿ ಕಡು ಬೂದು ಬಳಿಯಿರಿ. ಸ್ಪ್ರೇ ಪೇಂಟ್ ಹೊಡೆದರೆ ಥರ್ಮಕೋಲ್ ಕರಗಿಹೋಗುತ್ತದೆ. ನನ್ನ ಆರು ಲೋಡುಗಳು ಕಣ್ಣೆದುರಿಗೇ ಇಡ್ಲಿ ಕರಗಿದ ಹಾಗೆ ಕರಗಿದವು. ಬಣ್ಣ ಬಳಿಯುವ ಮೊದಲು ನಡುವೆ ಒಂದು ಕಬ್ಬಿಣದ ವಾಷರ್ ಹುದುಗಿಸಿ. ಅದು ಮೇಲ್ಮೈಗೆ ತುಂಬಾ ಹತ್ತಿರ ಇರಲಿ. ಮುಂದೆ ಕಡ್ಡಿಯ ತುದಿಗೆ ಅಯಸ್ಕಾಂತ ಕಟ್ಟಿ ಮೇಲೆ ಹಿಡಿದರೆ ಲೋಡು ತಾನಾಗಿ ಎದ್ದು ಬರುತ್ತದೆ. ಇದು ತುಂಬಾ ಹಳೆಯ ಉಪಾಯ, ಇವತ್ತಿಗೂ ಮಕ್ಕಳು ನೋಡಿ ಚಪ್ಪಾಳೆ ತಟ್ಟುತ್ತಾರೆ.

ಗಟ್ಟಿ ಫೆವಿಕಾಲ್ ಸವರಿ, ಕಲ್ಲಿದ್ದಲು ಸುರಿದು, ಮೇಲೆ ನೀರು ಚಿಮುಕಿಸಬೇಕು. ಬರೀ ನೀರು ಪುಡಿಯ ಮೇಲೆ ಮುತ್ತಿನ ಹಾಗೆ ಕೂತುಬಿಡುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು ಸೇರಿಸಿದರೆ ಒಳಗಿಳಿಯುತ್ತದೆ. ಆಮೇಲೆ ಒಂದು ಪಾಲು ಫೆವಿಕಾಲ್, ನಾಲ್ಕು ಪಾಲು ನೀರು. ಡ್ರಾಪರಿನಲ್ಲಿ ಅಂಚಿನಿಂದ ಬಿಡಿ. ಮಳೆಗಾಲದಲ್ಲಿ ಎರಡು ದಿನ ಒಣಗಲು ಬಿಡಿ. ಅವಸರ ಮಾಡಿ ಹೇರ್ ಡ್ರೈಯರ್ ಹಿಡಿದರೆ ಕಲ್ಲಿದ್ದಲು ಗೋಡೆಗೆ ಹಾರುತ್ತದೆ.

ತೂಕದ ಬಗ್ಗೆ ಕೇಳುವವರು ಇರುತ್ತಾರೆ. ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಮ್‌ಆರ್‌ಎ ಹೇಳುವ ಲೆಕ್ಕದಲ್ಲಿ ಈ ಉದ್ದದ ಎಚ್‌ಓ ವ್ಯಾಗನ್ ಸುಮಾರು 97 ಗ್ರಾಂ ಇರಬೇಕು. ಖಾಲಿ ವ್ಯಾಗನ್ನನ್ನೇ ಹತ್ತಿರ ಹತ್ತಿರ ಆ ತೂಕಕ್ಕೆ ತನ್ನಿ, ಲೋಡು ಹಗುರವಾಗಿರಲಿ. ಇಲ್ಲದಿದ್ದರೆ ಖಾಲಿ ರೇಕ್ ತಿರುವಿನಲ್ಲಿ ಮಗುಚುತ್ತದೆ.

ಲೋಡು ಎತ್ತಿ ತೆಗೆಯುವ ಕೆಲಸವೇ ಬೇಡ ಅನ್ನುವವರಿಗೆ ಒಂದು ಒಳ್ಳೆ ದಾರಿ ಇದೆ. ನನ್ನ ಲೇಔಟಿನಲ್ಲಿ ಗಣಿ ಒಂದು ಕಡೆ, ವಿದ್ಯುತ್ ಕೇಂದ್ರ ಇನ್ನೊಂದು ಕಡೆ. ನಡುವೆ ಆಕಾಶ ಬರೆದ ಹಲಗೆ. ಎರಡೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ಎರಡು ಹಳಿಗಳು ಹಲಗೆಯ ಕೆಳಗೆ ತೂರಿ ಆ ಕಡೆ ಈ ಕಡೆ ಹೋಗುತ್ತವೆ. ತುಂಬಿದ ರೇಕನ್ನು ಶಕ್ತಿನಗರದ ಶೆಡ್ಡಿನೊಳಗೆ ತಳ್ಳಿದರೆ ಅದು ಹಿಂದಿನಿಂದ ಗಣಿಯೊಳಗೆ ಹೋಗಿ, ತುಂಬಿದ ರೇಕಾಗಿ ಕಾದು ನಿಲ್ಲುತ್ತದೆ. ಇನ್ನೊಂದು ಹಳಿಯಲ್ಲಿ ಖಾಲಿ ರೇಕ್. ಗಣಿಗೆ ಹೋದ ಖಾಲಿ, ಶಕ್ತಿನಗರದಿಂದ ಖಾಲಿಯಾಗಿ ಹೊರಬರುತ್ತದೆ. ತುಂಬಿದ್ದು ಯಾವಾಗಲೂ ಕೇಂದ್ರದ ಕಡೆ, ಖಾಲಿ ಯಾವಾಗಲೂ ಗಣಿಯ ಕಡೆ. ನೋಡುವವರಿಗೆ ಸಿಂಗರೇಣಿಗೂ ರಾಯಚೂರಿಗೂ ನಡುವೆ ಒಂದು ಹಲಗೆ ಮಾತ್ರ ಇದೆ ಅಂತ ತಲೆಗೇ ಹೋಗುವುದಿಲ್ಲ.

ಈಗ ನೆಲ. ಇಳಿಸುವುದು ಹೇಗೆ ಅಂತ ಕೇಳಿದೆನಲ್ಲ, ಆ ಪ್ರಶ್ನೆಯ ಉತ್ತರ ನೆಲದ ಮೇಲೆ ಬರೆದಿರುತ್ತದೆ. ಬಾಕ್ಸ್‌ಎನ್‌ಗೆ ಅಡಿಯಲ್ಲಿ ತೆರೆಯುವ ಬಾಗಿಲಿಲ್ಲ. ಟಿಪ್ಲರ್ ಅನ್ನೋ ಯಂತ್ರ ವ್ಯಾಗನ್ನನ್ನು ಹಿಡಿದು, ಬಕೆಟ್ ಬೋರಲು ಹಾಕಿದ ಹಾಗೆ ಮಗುಚುತ್ತದೆ. ಕೆಳಗೆ ಕಬ್ಬಿಣದ ಜಾಲರಿ, ಅದರ ಕೆಳಗೆ ಕನ್ವೇಯರ್ ಬೆಲ್ಟ್. ಬೇರೆ ಕೆಲವು ಕೇಂದ್ರಗಳಿಗೆ ಅಡಿಯಲ್ಲಿ ಬಾಗಿಲಿರುವ ಬಿಒಬಿಆರ್‌ಎನ್ ವ್ಯಾಗನ್‌ಗಳು ಹೋಗುತ್ತವೆ. ಅವು ಬಾಗಿಲು ತೆರೆದು ಹಳಿಯ ಕೆಳಗಿನ ಗುಂಡಿಗೆ ಸುರಿಯುತ್ತವೆ. ನೀವು ಯಾವ ವ್ಯಾಗನ್ ಇಟ್ಟಿದ್ದೀರೋ ಅದಕ್ಕೆ ಸರಿಯಾದ ಕಟ್ಟಡ ಮಾಡಿ. ಬಾಕ್ಸ್‌ಎನ್ ರೇಕನ್ನು ಹಳಿಯ ಕೆಳಗಿನ ಗುಂಡಿಯ ಮೇಲೆ ನಿಲ್ಲಿಸಿದರೆ ಅದು ಅಲ್ಲೇ ನಿಂತಿರುತ್ತದೆ, ಒಂದು ತುಂಡೂ ಕೆಳಗೆ ಬೀಳುವುದಿಲ್ಲ.

ಟಿಪ್ಲರ್ ಶೆಡ್ಡಿನ ಹತ್ತಿರ ನೆಲ ಪೂರ್ತಿ ಕಪ್ಪು. ಹಳಿಯ ನಡುವೆ ಸ್ಲೀಪರ್ ಕಾಣದಷ್ಟು ಪುಡಿ. ಹಿಟ್ಟಿನ ಜರಡಿಯಿಂದ ಇಳಿದದ್ದು ಇತ್ತಲ್ಲ, ಅದು ಇಲ್ಲಿಗೆ. ಶೆಡ್ಡಿನಿಂದ ದೂರ ಬಂದಂತೆ ಜಲ್ಲಿ ಕಾಣಲು ಶುರುವಾಗುತ್ತದೆ. ಮುಖ್ಯ ಹಳಿಗೆ ಬಂದ ಮೇಲೆ ಜಲ್ಲಿ ಕಂದು ಬೂದು, ನಡುನಡುವೆ ಬಿದ್ದ ಒಂದೊಂದು ಕಪ್ಪು ಚುಕ್ಕೆ. ನಮ್ಮ ರೈಲ್ವೆಯ ಜಲ್ಲಿಕಲ್ಲು ಅಂದರೆ ದೊಡ್ಡದು 65 ಮಿಲಿಮೀಟರ್. ಎಚ್‌ಓದಲ್ಲಿ 0.75. ಇಲ್ಲೂ ಉಪ್ಪಿಟ್ಟಿನ ರವೆಯೇ ಅಳತೆ. ಕಲ್ಲಿದ್ದಲು ಸರಿಯಾಗಿ ಮಾಡಿ ಜಲ್ಲಿ ಮಾತ್ರ ಬಂಡೆಯಂತೆ ಹಾಕಿದರೆ ಇಡೀ ಕೆಲಸ ಹಾಳು.

ಹಳಿಯ ಆಚೆ ಊರಿನ ನೆಲ. ರಾಯಚೂರು ಅಂದರೆ ಎರೆಭೂಮಿ, ನಡುವೆ ಕಲ್ಲುಬಂಡೆಯ ಗುಡ್ಡ, ಬೇವಿನ ಮರ, ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಅಂಗಡಿಯಲ್ಲಿ ಸಿಗುವ ಹಸಿರು ಹುಲ್ಲಿನ ಹಾಳೆ ಯುರೋಪಿನ ಹುಲ್ಲುಗಾವಲಿಗೆ ಮಾಡಿದ್ದು. ಅದನ್ನು ಇಲ್ಲಿ ಹಾಸಿದರೆ ರೈಲು ಸ್ವಿಟ್ಜರ್ಲೆಂಡಿಗೆ ಹೋದ ಹಾಗೆ ಕಾಣುತ್ತದೆ. ನಾನು ಒಂದು ಸಲ ರಾಯಚೂರಿಗೆ ಹೋದಾಗ ಎರಡು ಡಬ್ಬಿ ಮಣ್ಣು ತಂದೆ. ಒಂದು ಎರೆ, ಒಂದು ಕೆಂಪು. ಜರಡಿ ಹಿಡಿದು ಅದನ್ನೇ ಹಾಕಿದ್ದೇನೆ. ಅಂಟು ಬಿದ್ದ ಮೇಲೆ ಮಣ್ಣಿನ ಬಣ್ಣ ಗಾಢವಾಗುತ್ತದೆ. ಮೊದಲು ಒಂದು ಚೂರು ಹಲಗೆಯ ಮೇಲೆ ಹಾಕಿ ನೋಡಿಕೊಳ್ಳಿ. ಜಾಲಿಗೆ ತುಳಸಿ ಗಿಡದ ಒಣ ಕಡ್ಡಿ, ಅದರ ಮೇಲೆ ಎಳೆದು ತೆಳುವು ಮಾಡಿದ ಸ್ಪಂಜಿನ ಪುಡಿ. ಬುಡದ ಕಸಕ್ಕೆ ಒಣಗಿಸಿದ ಚಹಾ ಚರಟ. ಹಳಿಗೆ ಹತ್ತಿರದ ಜಾಲಿಯ ತಲೆಗೆ ಅದೇ ವಿಭೂತಿ, ಚಿಟಿಕೆ ಕಲ್ಲಿದ್ದಲು ಪುಡಿ ಸೇರಿಸಿ. ದೂರದ ಜಾಲಿ ಹಸಿರಾಗೇ ಇರಲಿ. ಹೀಗೆ ಹಂತ ಹಂತವಾಗಿ ಬದಲಾಗುವ ಬಣ್ಣ ಕಂಡರೆ ರೈಲು ಇಲ್ಲದಾಗಲೂ ಇಲ್ಲಿ ಕಲ್ಲಿದ್ದಲು ಓಡಾಡುತ್ತದೆ ಅಂತ ಗೊತ್ತಾಗುತ್ತದೆ. ಆಕಾಶವನ್ನು ಕಡು ನೀಲಿ ಮಾಡಬೇಡಿ. ಏಪ್ರಿಲ್ ಮಧ್ಯಾಹ್ನದ ರಾಯಚೂರಿನ ಆಕಾಶ ನೀಲಿಗಿಂತ ಬಿಳಿ.

ಒಂದು ವಿಷಯ ಮರೆತೆ. ಕಲ್ಲಿದ್ದಲು ದಾರಿಯಲ್ಲಿ ಕಳುವಾಗುತ್ತದೆ. ಅದಕ್ಕೆ ಕೆಲವು ಕಡೆ ಹೇರಿದ ಮೇಲೆ ಲೋಡಿನ ಮೇಲೆ ಸುಣ್ಣದ ನೀರು ಚೆಲ್ಲುತ್ತಾರೆ. ಯಾರಾದರೂ ಮೇಲಿಂದ ತೆಗೆದರೆ ಬಿಳಿ ಮಾಸಿ ಕಪ್ಪು ಗುಂಡಿ ಕಾಣುತ್ತದೆ. ನನ್ನ ಹದಿನಾಲ್ಕರಲ್ಲಿ ಐದು ವ್ಯಾಗನ್ನಿಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಳು ಬಿಳಿ ಬಣ್ಣ ಚಿಮುಕಿಸಿದ್ದೇನೆ. ಒಂದರಲ್ಲಿ ಬೇಕಂತಲೇ ಮೂಲೆಯಲ್ಲಿ ಗುಂಡಿ ಮಾಡಿದ್ದೇನೆ. ಆ ವ್ಯಾಗನ್ ಎಲ್ಲಿ ನಿಂತಿತ್ತು, ಯಾರು ಹತ್ತಿದರು, ಅದನ್ನು ನೋಡುವವರು ಊಹಿಸಿಕೊಳ್ಳಲಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹೆಚ್ಚಿನವು ಅಂಟಿನ ಬಗ್ಗೆ, ಒಂದೆರಡು ಎಚ್‌ಓಗಿಂತ ಚಿಕ್ಕದಾದ ಎನ್ ಅಳತೆಯ ಬಗ್ಗೆ. ಎನ್ ಅಳತೆಗೆ ಕಾಳು ಇನ್ನೂ ಸಣ್ಣ ಬೇಕು, ಚಿರೋಟಿ ರವೆ ದಾಟಬಾರದು ಅಂತ ಹೇಳಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಅಷ್ಟು ಹೊತ್ತೂ ಸುಮ್ಮನಿದ್ದರು. ವಿದ್ಯುತ್ ಕೇಂದ್ರವೊಂದರಲ್ಲಿ ಕಲ್ಲಿದ್ದಲು ಇಳಿಸುವ ಕಡೆ ಕೆಲಸ ಮಾಡಿ ನಿವೃತ್ತರಾದವರಂತೆ. ನನ್ನ ಖಾಲಿ ವ್ಯಾಗನ್ನೊಂದನ್ನು ಕೈಗೆ ತೆಗೆದುಕೊಂಡು ಒಳಗೆ ಇಣುಕಿ ನೋಡಿದರು.

"ಇದು ಇಷ್ಟು ಕ್ಲೀನಾಗಿ ಹೊರಗೆ ಬರಲ್ಲ ಸರ್," ಅಂದರು. "ಮಳೆಗಾಲದಲ್ಲಿ ಪುಡಿ ನೆಂದು ಮೂಲೆಗೆ ಕಚ್ಚಿಕೊಂಡಿರುತ್ತೆ. ಮಗುಚಿದರೂ ಬೀಳಲ್ಲ. ನಾಲ್ಕು ಮೂಲೆಯಲ್ಲೂ ಇಷ್ಟಿಷ್ಟು ಉಳಿದಿರುತ್ತೆ. ಮತ್ತೆ ಕೆಳಗೆ ಜಾಲರಿ ಮೇಲೆ ದಪ್ಪ ಉಂಡೆ ಸಿಕ್ಕಿಕೊಂಡಿದ್ದರೆ ಸುತ್ತಿಗೆ ಹಿಡ್ಕೊಂಡು ಒಡೆಯೋಕೆ ಇಬ್ಬರು ಬೇಕು. ನಿಮ್ಮ ಶೆಡ್ಡಲ್ಲಿ ಜನವೇ ಇಲ್ಲ."

ಅವತ್ತು ರಾತ್ರಿ ಹದಿನಾಲ್ಕು ಖಾಲಿ ವ್ಯಾಗನ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡೆ. ಐವತ್ತಾರು ಮೂಲೆ. ಇವತ್ತಿಗೆ ನಲವತ್ತು ಮುಗಿದಿವೆ. ಸುತ್ತಿಗೆ ಹಿಡಿದ ಇಬ್ಬರು ಇನ್ನೂ ಆಗಬೇಕು. ಎರಡು ಸೆಂಟಿಮೀಟರ್ ಎತ್ತರದ ಮನುಷ್ಯನ ಕೈಗೆ ಸುತ್ತಿಗೆ ಕೊಡುವುದು ಕಲ್ಲಿದ್ದಲಿಗಿಂತ ಕಷ್ಟ.